ಬಾಯಿ ಮಾತ್ರ ಹಾಡುತ್ತದೆ ಎಂದವಳಿಗೆ

ಮಂಗಳೂರು
ಭಾನುವಾರ ಸಂಜೆ

ಪ್ರೀತಿಯ ಮಗಾ,

ನಿನ್ನ ಪತ್ರ ಮಂಗಳವಾರ ಸಿಕ್ಕಿತು. ಕೆಲಸದ ವಿಷಯಕ್ಕೂ ಮನೆ ಬದಲಾಯಿಸಿದ್ದಕ್ಕೂ ಅಮ್ಮ ಉತ್ತರ ಬರೆಯುತ್ತಾಳೆ. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದ ಸಾಲು: “ಆರಾಧನೆಯಲ್ಲಿ ನನ್ನ ಬಾಯಿ ಮಾತ್ರ ಹಾಡುತ್ತದೆ ಚಿಕ್ಕಜ್ಜ, ಒಳಗೆ ಏನೂ ಇಲ್ಲ. ದೇವರ ಮುಂದೆ ನಾಟಕ ಆಡುತ್ತಿದ್ದೇನಾ?”

ಬೆಂಗಳೂರಿನ ನಿಮ್ಮ ಸಭೆಯಲ್ಲಿ ಡ್ರಮ್ಸ್, ಪರದೆಯ ಮೇಲೆ ಹಾಡಿನ ಸಾಲು, ಅಕ್ಕಪಕ್ಕದವರೆಲ್ಲ ಕೈಯೆತ್ತಿ ಅಳುತ್ತಾರೆ ಎಂದಿದ್ದೀ. ಅವರ ನಡುವೆ ಒಣಕಣ್ಣಲ್ಲಿ ನಿಲ್ಲುವುದು ಕಷ್ಟವೇ. ನಮ್ಮಲ್ಲಿ ಆ ಫಜೀತಿ ಇಲ್ಲ. 1834ರಲ್ಲಿ ಬಂದ ಬಾಸೆಲ್ ಮಿಶನಿನವರಿಂದ ಬಂದ ಜರ್ಮನ್ ರಾಗಗಳು. ಮೂರನೇ ಚರಣಕ್ಕೆ ಅರ್ಧ ಸಭೆ ತೂಕಡಿಸುತ್ತಿರುತ್ತದೆ.

ನನಗೆ ಮಾತ್ರ ಆಗ ಕಣ್ಣೀರು ಬರುತ್ತಿತ್ತು. ಅದನ್ನೇ ಹೇಳಬೇಕೆಂದು ಕೂತದ್ದು.

ನಿನ್ನ ಅಜ್ಜನಿಗೂ ನನಗೂ ಏನಾಯಿತೆಂದು ನಿನಗೆ ಗೊತ್ತು, ಮತ್ತೆ ಕೆದಕುವುದಿಲ್ಲ. ನೀನು ನೋಡದ್ದು ಕ್ವಾಯರ್ ಬೆಂಚು. ಅವನದು ಟೆನರ್, ಗಂಡಸರ ಮೇಲುದನಿ; ನನ್ನದು ಬೇಸ್, ತಗ್ಗುದನಿ; ನಡುವೆ ಒಬ್ಬನೇ ಮನುಷ್ಯ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ದಿನ ಕಾಣಿಕೆಗೆ ಮುಂಚೆ ಸಮಾಧಾನ ಕೊಡುವುದಿದೆಯಲ್ಲ, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಹುಟ್ಟಿ ಮೂರು ವರ್ಷಕ್ಕೆ, 1950ರ ಆರಾಧನಾ ಕ್ರಮದಲ್ಲಿ ಬಂದದ್ದು. ಸಭಾಪಾಲಕರ ಕೈಯಿಂದ ಹೊರಟು, ಅಂಗೈಗೆ ಅಂಗೈ ಕೂಡಿಸಿ, ಎಡಗೈ ಮೇಲೆ ಮುಚ್ಚಿ, ಬೆಂಚಿನಿಂದ ಬೆಂಚಿಗೆ ದಾಟಿ ಬರುತ್ತದೆ. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗಿ ಮೊದಲು ಒಂದಾಗು ಎಂದು ಮತ್ತಾಯ 5ರಲ್ಲಿದೆ. ನನಗೆ ಅದು ಬಾಯಿಪಾಠ. ಆದರೂ ಸಮಾಧಾನ ನಿನ್ನ ಅಜ್ಜನ ಕೈ ಸೇರುವ ಹೊತ್ತಿಗೆ ನಾನು ಪುಟ ಹುಡುಕುವವನಂತೆ ತಲೆ ಬಗ್ಗಿಸಿಬಿಡುತ್ತಿದ್ದೆ. ನಡುವಿನವನು ಕ್ರಮೇಣ ನನ್ನನ್ನು ಬಿಟ್ಟು ಹಿಂದಿನ ಬೆಂಚಿಗೆ ತಿರುಗಲು ಕಲಿತ. ಆಮೇಲಿನ ಹಾಡಿಗೆ ನನ್ನ ಗಂಟಲು ಉಬ್ಬಿ ಬರುತ್ತಿತ್ತು. ಎಷ್ಟು ಭಕ್ತಿಯಿಂದ ಹಾಡುತ್ತಾರೆ ಎಂದು ಜನ ಹೇಳಿದರು, ನಾನೂ ನಂಬಿದೆ. 11 ವರ್ಷ.

ನಾಟಕ ಎಂದೆಯಲ್ಲ. ಆ 11 ವರ್ಷದಲ್ಲಿ ನನಗೆ ಆ ಅನುಮಾನ ಒಮ್ಮೆಯೂ ಬರಲಿಲ್ಲ, ಮಗಾ.

ನಮ್ಮ ಬೈಬಲಿನಲ್ಲಿ ಆರಾಧನೆಗೆ ಇನ್ನೊಂದು ಮಾತು ಅಡ್ಡಬೀಳುವುದು. ಹೀಬ್ರು, ಗ್ರೀಕ್ ಮೂಲದಲ್ಲೂ ಅದು ಬಗ್ಗುವುದೇ. ಮೈಯ ಕೆಲಸ. ಮಕ್ಕಳೆಲ್ಲ ಸತ್ತ ಸುದ್ದಿ ಬಂದ ದಿನ ಯೋಬ ನೆಲಕ್ಕೆ ಅಡ್ಡಬಿದ್ದ. ಅವನೊಳಗೆ ಭಕ್ತಿ ಉಕ್ಕುತ್ತಿತ್ತೆಂದು ಯಾರು ಹೇಳಬಲ್ಲರು? 88ನೇ ಕೀರ್ತನೆ ತೆಗೆದು ನೋಡು. ಗೋಳಿನ ಕೀರ್ತನೆಗಳು ಹೆಚ್ಚಿನವು ಕೊನೆಗಾದರೂ ಸ್ತೋತ್ರಕ್ಕೆ ತಿರುಗುತ್ತವೆ. ಇದು ಕತ್ತಲೆಯಲ್ಲೇ ನಿಂತುಬಿಡುತ್ತದೆ. ತಲೆಬರಹದಲ್ಲಿ ಪ್ರಧಾನಗಾಯಕನ ಹೆಸರೆತ್ತಿದ್ದಾರೆ ಬೇರೆ. ಅಂದರೆ ಅದನ್ನೂ ಹಾಡುತ್ತಿದ್ದರು.

ಏನು ಮಾಡು ಎನ್ನಲು ನನಗೆಲ್ಲಿದೆ ಯೋಗ್ಯತೆ. ಹಾಡಲಾಗದಿದ್ದರೆ ಸುಮ್ಮನೆ ನಿಲ್ಲು, ಪಕ್ಕದವರು ನಿನ್ನ ಪಾಲಿನದನ್ನೂ ಹಾಡಲಿ. ರಾತ್ರಿ ಪಾಳಿ ಮುಗಿಸಿ ಬಂದ ಭಾನುವಾರ ಮಲಗಿ, ಸಂಜೆ ಆರಾಧನೆ ಇದ್ದರೆ ಹೋಗು (ಅಮ್ಮನಿಗೆ ನಾನು ಹೇಳಿದೆನೆನ್ನಬೇಡ). ಕೊನೆಯ ಬೆಂಚಿನ ಮುದುಕಿಯನ್ನು ಬಸ್ಸು ಹತ್ತಿಸಿ ಬರುತ್ತೇನೆ ಎಂದು ಬರೆದಿದ್ದೀಯಲ್ಲ, ಅದನ್ನು ಬಿಡಬೇಡ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದ ಮೊದಲ ವಚನದಲ್ಲಿ ಪೌಲ ಕೇಳುವುದು ದೇಹವನ್ನು. ಕಣ್ಣೀರಿನ ಮಾತು ಅಲ್ಲಿಲ್ಲ.

ನಿನ್ನ ಅಜ್ಜನನ್ನು ಮಣ್ಣು ಮಾಡಿದ ಮೂರನೇ ದಿನ ಭಾನುವಾರ, ಕರ್ತನ ಭೋಜನ. ಹೊರಗೆ ಜಡಿಮಳೆ. ಸಮಾಧಾನ ಬೆಂಚಿಗೆ ಬಂತು. ನಡುವಿನವನು ಅಷ್ಟು ವರ್ಷದ ಮೇಲೆ ನನ್ನ ಕಡೆ ತಿರುಗಿ ಎರಡೂ ಕೈ ಚಾಚಿದ. ಹಿಡಿದೆ. ಆಮೇಲೆ ಹಾಡಲು ನಿಂತರೆ ಒಳಗೆ ಏನೂ ಇಲ್ಲ. ನೀನು ಬರೆದ ಹಾಗೆಯೇ, ಬಾಯಿ ಮಾತ್ರ ಆಡುತ್ತಿತ್ತು. ಈಗಲೂ ಹೆಚ್ಚಿನ ಭಾನುವಾರ ಹಾಗೆಯೇ. ಹೋಗುತ್ತೇನೆ.

ಅವನ ಜಾಗದಲ್ಲಿ ಈಗ ಪಿಯುಸಿ ಓದುವ ಹುಡುಗನೊಬ್ಬ ಕೂರುತ್ತಾನೆ. ಬಲು ನಾಚಿಕೆ, ಸಮಾಧಾನ ಕೊಡುವಾಗ ಅಂಗೈ ಬೆವರಿ ಒದ್ದೆಯಾಗಿರುತ್ತದೆ. ಕ್ರಿಸ್ಮಸ್ಸಿಗೆ ಬಂದರೆ ಆಲ್ಟೋ ಕಡೆ, ಹೆಂಗಸರ ತಗ್ಗುದನಿಯವರ ಸಾಲಲ್ಲಿ, ಜಾಗವಿದೆ. ಹಾಡದಿದ್ದರೂ ಬಂದು ಕೂರು.

ಇಂತಿ,
ಚಿಕ್ಕಜ್ಜ