ಫ್ಲೀಟ್ ಎಂದರೆ ಹಳ್ಳ

ಪ್ರಿಯ ತಂಗಿ,

ನಿನ್ನ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಅಧ್ಯಾಯಗಳ ಜೋಡಣೆ, ಪ್ರಕಾಶಕರು ಎಂದೆಲ್ಲ ನೀನು ಕೇಳಿದ್ದಕ್ಕೆ ಬೇರೆ ಯಾರಾದರೂ ಉತ್ತರಿಸಲಿ. ನನ್ನ ತಕರಾರು ಹದಿನಾಲ್ಕನೆಯ ಪುಟದ ಒಂದೇ ವಾಕ್ಯದ ಮೇಲೆ. ಸಂಗೊಳ್ಳಿ ರಾಯಣ್ಣನ ಮತ್ತು ಹಲಗಲಿ ಬೇಡರ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚುಹಾಕಿಸಿದ ಬ್ರಿಟಿಷ್ ಅಧಿಕಾರಿ, ಶಾಸನತಜ್ಞ ಜಾನ್ ಫೇತ್‌ಫುಲ್ ಫ್ಲೀಟ್ (1847–1917) ಅವರ ಅಡ್ಡಹೆಸರಿಗೆ ‘ಹಡಗುಗಳ ಪಡೆ’ ಎಂಬ ಅರ್ಥ ಹೇಳಿ, ಅವರ ಹಿರಿಯರನ್ನೆಲ್ಲ ನಾವಿಕರನ್ನಾಗಿ ಮಾಡಿಬಿಟ್ಟಿದ್ದೀಯೆ. ತಾಮ್ರಪಟಗಳಲ್ಲಿ ಕೂಟಶಾಸನಗಳು, ಅಂದರೆ ನಕಲಿಗಳು, ಯಾವುವೆಂದು ಪಟ್ಟಿ ಮಾಡಿದ ಮನುಷ್ಯನಿಗೇ ಒಂದು ಕೂಟ ವಂಶಾವಳಿ!

ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಹಳ್ಳ, ತೊರೆ, ಸಮುದ್ರದ ನೀರು ಒಳಸರಿಯುವ ಕಿರುಗಾಲುವೆ ಎಂಬ ಅರ್ಥವಿತ್ತು. ಅಂಥ ನೀರಿನ ದಂಡೆಯಲ್ಲಿ ಮನೆಯಿದ್ದವರಿಗೆ, ಇಲ್ಲವೇ ಆ ಹೆಸರಿನ ಊರಿನಿಂದ ಬಂದವರಿಗೆ, ನಮ್ಮ ಹಳ್ಳದ, ಬಾವಿಕಟ್ಟಿ ಮನೆತನಗಳವರಿಗೆ ಅಂಟಿದಂತೆಯೇ, ಅಡ್ಡಹೆಸರು ಅಂಟಿಕೊಂಡಿತು. ಹ್ಯಾಂಪ್‌ಶೈರ್, ಲಿಂಕನ್‌ಶೈರ್, ಡಾರ್ಸೆಟ್‌ಗಳಲ್ಲಿ ಫ್ಲೀಟ್ ಎಂಬ ಊರುಗಳು ಇಂದಿಗೂ ಇವೆ. ಲಂಡನ್ನಿನ ಫ್ಲೀಟ್ ಹೊಳೆಯಂತೂ ಹ್ಯಾಂಪ್‌ಸ್ಟೆಡ್ ದಿನ್ನೆಯಲ್ಲಿ ಹುಟ್ಟಿ ಹಿಂದೆ ಥೇಮ್ಸ್ ಸೇರುತ್ತಿತ್ತು, ಈಗ ಬೀದಿಗಳ ಅಡಿಯಲ್ಲಿ ಚರಂಡಿಯಾಗಿ ಹರಿಯುತ್ತದೆ. ಪತ್ರಿಕಾ ಕಚೇರಿಗಳಿಂದ ಪ್ರಸಿದ್ಧವಾದ ಫ್ಲೀಟ್ ಸ್ಟ್ರೀಟ್‌ಗೆ ಹೆಸರು ಕೊಟ್ಟದ್ದು ಅದೇ. ಹಡಗುಪಡೆಯ ‘ಫ್ಲೀಟ್’ ಕೂಡ ‘ತೇಲು’ ಎಂಬ ಅರ್ಥದ ಅದೇ ಧಾತುವಿನಿಂದ ಬಂದದ್ದು ಹೌದು, ಆದರೆ ದಾಯಾದಿಯನ್ನು ತಂದೆಯೆನ್ನಲಾಗದು.

ಈ ಹೆಸರಿನವರಿಗೆ ಸುಳ್ಳುಕಥೆಗಳ ಕಾಟ ಹೊಸದೇನಲ್ಲ. ಇಂಗ್ಲೆಂಡಿನಿಂದ ಬಾಸ್ಟನ್ನಿಗೆ ಹೋಗಿ ನೆಲೆಸಿದ ಮುದ್ರಕ ಥಾಮಸ್ ಫ್ಲೀಟ್, ತನ್ನ ಅತ್ತೆ ಹಾಡುತ್ತಿದ್ದ ಶಿಶುಗೀತೆಗಳನ್ನು 1719ರಲ್ಲಿ ‘ಮದರ್ ಗೂಸ್’ ಹೆಸರಿನಲ್ಲಿ ಅಚ್ಚುಮಾಡಿದನೆಂದು ಜನ ನಂಬಿದರು. ಆ ಪುಸ್ತಕದ ಒಂದು ಪ್ರತಿಯೂ ಇದುವರೆಗೆ ಸಿಕ್ಕಿಲ್ಲ.

ಇಷ್ಟು ಸಿಟ್ಟೇಕೆ ಎಂದು ನೀನು ಕೇಳಬಹುದು. ಆ ನಾವಿಕರ ವಾಕ್ಯ ನಿನ್ನದಲ್ಲ, ನನ್ನದು. ಮೂವತ್ತು ವರ್ಷಗಳ ಹಿಂದೆ ಒಂದು ಸಭೆಗಾಗಿ, ನಿಘಂಟನ್ನು ತೆರೆಯುವ ಮೊದಲೇ, ಅದನ್ನು ಬರೆದೆ, ಚಪ್ಪಾಳೆ ಬಿತ್ತು, ಮುಂದಿನ ಸಾಲಿನಲ್ಲಿದ್ದ ನಿವೃತ್ತ ಮೇಷ್ಟರೊಬ್ಬರು ‘ಇದಕ್ಕೆ ಆಧಾರವೇನು?’ ಎಂದು ಕೇಳಿದಾಗ ನಕ್ಕು ಮಾತು ಹಾರಿಸಿದೆ. ತಿದ್ದುಪಡಿಯನ್ನು ಎಲ್ಲಿಯೂ ಅಚ್ಚು ಮಾಡಿಸಲಿಲ್ಲ. ನೀನು ಅದನ್ನು ನಂಬಿ, ಎರಡು ಪದ ಬದಲಿಸಿ, ನನ್ನ ಹೆಸರನ್ನೂ ಹೇಳದೆ ಎತ್ತಿಕೊಂಡಿದ್ದೀಯೆ. ಹೆಸರು ಹೇಳದ್ದು ನನಗೆ ಉಪಕಾರವೇ ಆಯಿತು. ನಿಘಂಟು ನೋಡದ್ದು ಮಾತ್ರ ನಿನ್ನ ತಪ್ಪು.

ಆ ಪುಟವನ್ನು ಹೊಸದಾಗಿ ಬರೆದು ಕಳಿಸು. ಎರಡನೆಯ ಅಧ್ಯಾಯದಲ್ಲಿ ಲಾವಣಿಯ ಸಾಲು ಮರೆತು ತಾನೇ ಒಂದು ಸಾಲು ಕಟ್ಟಿ ಹಾಡುವ ಅಜ್ಜಿಯನ್ನು ಮುಟ್ಟಬೇಡ.

ನಿನ್ನ,
ಅಣ್ಣ