ಡಿಪೊ ಮೆಕ್ಯಾನಿಕ್‌ಗಳಿಗೆ ಎಲೆಕ್ಟ್ರಿಕ್ ಬಸ್ಸಿನ ಕೆಲಸ ಕಲಿಸಿ

ಮಾನ್ಯ ಸಂಪಾದಕರೇ,

ವಿದ್ಯುತ್ ವಾಹನಗಳಿಗೆ ನೆರವು ನೀಡುವ ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯಡಿ ಐದು ನಗರಗಳಿಗೆ ಹಂಚಿಕೆಯಾದ 10,900 ಎಲೆಕ್ಟ್ರಿಕ್ ಬಸ್‌ಗಳಲ್ಲಿ 4,500 ಬಸ್‌ಗಳು ಬೆಂಗಳೂರಿನ ಪಾಲಿಗೆ ಬಂದಿರುವುದು ಹೊಗೆಯಿಂದ ಕಂಗೆಟ್ಟ ಈ ಊರಿಗೆ ನಿಜಕ್ಕೂ ಒಳ್ಳೆಯ ಸುದ್ದಿ. ಆದರೆ ಇಷ್ಟು ಬಸ್‌ಗಳನ್ನು ಓಡಿಸುವವರು ಯಾರು, ಕೆಟ್ಟು ನಿಂತಾಗ ರಿಪೇರಿ ಮಾಡುವವರು ಯಾರು ಎಂಬ ಪ್ರಶ್ನೆ ಸಾರ್ವಜನಿಕ ಚರ್ಚೆಗೆ ಬಂದದ್ದು ಕಡಿಮೆ. ಬಸ್ ಡಿಪೊಗಳ ತಾಂತ್ರಿಕ ವಿಭಾಗದಲ್ಲಿ 29 ವರ್ಷ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾದ ನಾನು ಈ ಬಗ್ಗೆ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

ಬಿಎಂಟಿಸಿಯಲ್ಲಿ ಈಗ ಓಡುತ್ತಿರುವ ಎಲೆಕ್ಟ್ರಿಕ್ ಬಸ್‌ಗಳು ಗುತ್ತಿಗೆ ಪದ್ಧತಿಯವು. ಬಸ್ಸು ಕಂಪನಿಯದು, ಚಾಲಕ ಕಂಪನಿಯವನು, ನಿರ್ವಹಣೆಯೂ ಕಂಪನಿಯದೇ. ಸಂಸ್ಥೆ ನಿರ್ವಾಹಕನನ್ನು ಕೊಟ್ಟು, ಓಡಿದ ಪ್ರತಿ ಕಿಲೋಮೀಟರಿಗೆ ಇಂತಿಷ್ಟು ಎಂದು ಹಣ ಪಾವತಿಸುತ್ತದೆ. ಸಾರಿಗೆ ಸಂಸ್ಥೆಗಳ ಹಣಕಾಸು ಬಿಕ್ಕಟ್ಟಿನಲ್ಲಿದೆ, ಇದಲ್ಲದೆ ಬೇರೆ ದಾರಿಯಿಲ್ಲ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಬಿಕ್ಕಟ್ಟು ಸುಳ್ಳಲ್ಲ. 2020ರ ಲಾಕ್‌ಡೌನ್ ದಿನಗಳಿಂದ ಹಿಡಿದ ಹೊಡೆತ, 2025ರ ಜನವರಿಯಲ್ಲಿ ಪ್ರಯಾಣ ದರವನ್ನು ಶೇ 15ರಷ್ಟು ಏರಿಸಿದ ಮೇಲೂ ನಿಲ್ಲಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ನೌಕರರು 38 ತಿಂಗಳ ವೇತನ ಹಿಂಬಾಕಿಗಾಗಿ ಮುಷ್ಕರ ಹೂಡಿದ್ದನ್ನು ಓದುಗರು ಮರೆತಿರಲಾರರು. ಕೊಳ್ಳಲು ಕೈಯಲ್ಲಿ ದುಡ್ಡಿಲ್ಲದಾಗ ಬಸ್ಸನ್ನು ಬಾಡಿಗೆಗೆ ತರುವುದು ಅರ್ಥವಾಗುತ್ತದೆ. ಬಸ್ಸಿನ ಜೊತೆಗೆ ಕೆಲಸ ಬಲ್ಲ ಕೈಗಳನ್ನೂ ಹೊರಗಿನಿಂದಲೇ ತರಬೇಕೆಂಬುದು ಮಾತ್ರ ನನಗೆ ಒಪ್ಪಿಗೆಯಾಗದ ಮಾತು.

ಡೀಸೆಲ್ ಎಂಜಿನ್ ಬಲ್ಲವರಿಗೆ ಬ್ಯಾಟರಿ ಬಸ್ಸು ತಿಳಿಯದು ಎಂದು ಹೇಳುವವರು ಒಮ್ಮೆ ಡಿಪೊದ ಪಿಟ್‌ಗೆ, ಅಂದರೆ ಬಸ್ಸಿನ ಅಡಿಯಲ್ಲಿ ನಿಂತು ರಿಪೇರಿ ಮಾಡುವ ಗುಂಡಿಗೆ, ಇಳಿದು ನೋಡಬೇಕು. ಇಂಜೆಕ್ಟರ್, ಫ್ಯುಯೆಲ್ ಪಂಪ್, ಕ್ಲಚ್ ಪ್ಲೇಟ್‌ಗಳ ಕೆಲಸ ಎಲೆಕ್ಟ್ರಿಕ್ ಬಸ್ಸಿನಲ್ಲಿ ಇಲ್ಲವಾಗುತ್ತದೆ, ನಿಜ. ಆದರೆ ಬ್ರೇಕ್, ಏರ್ ಲೈನ್, ಸಸ್ಪೆನ್ಷನ್, ಸ್ಟೀರಿಂಗ್, ಬಾಗಿಲು, ಟೈರು, ಬಾಡಿ ಕೆಲಸ ಇವೆಲ್ಲ ಹಾಗೆಯೇ ಉಳಿಯುತ್ತವೆ, ಮತ್ತು ದಿನನಿತ್ಯದ ದೂರುಗಳಲ್ಲಿ ಬಹುಪಾಲು ಇಂಥವೇ. ಹೊಸದಾಗಿ ಕಲಿಯಬೇಕಾದದ್ದು ನೂರಾರು ವೋಲ್ಟ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್‌ಗಳ ಬಳಿ ಕೈಯಿಡುವ ಮುನ್ನ ಸರ್ಕ್ಯೂಟ್ ಪೂರ್ತಿ ಬಂದ್ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳುವ ಶಿಸ್ತು, ಬ್ಯಾಟರಿಯ ಶಾಖ ನಿಯಂತ್ರಣ, ಮೋಟಾರು ಮತ್ತು ಅದರ ಕಂಟ್ರೋಲರ್, ಕಂಪ್ಯೂಟರಿನಲ್ಲಿ ದೋಷ ಓದುವ ಕ್ರಮ. ಇದು ಸಣ್ಣ ಪಾಠವಲ್ಲ. ಇದರಲ್ಲಿ ತಪ್ಪಾದರೆ ಜೀವಕ್ಕೇ ಅಪಾಯ. ಹಾಗೆಂದು ಕಲಿಯಲಾಗದ ವಿದ್ಯೆಯೂ ಅಲ್ಲ.

ನಮ್ಮ ಡಿಪೊಗಳ ಜನ ಹೊಸತನ್ನು ಕಲಿತದ್ದು ಇದೇ ಮೊದಲೇನಲ್ಲ. 2006ರಲ್ಲಿ ಬೆಂಗಳೂರಿನ ರಸ್ತೆಗೆ ವೋಲ್ವೊ ಬಸ್‌ಗಳು ಬಂದಾಗ ಅವುಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಏರ್ ಸಸ್ಪೆನ್ಷನ್, ಹಿಂಬದಿಯ ಎಂಜಿನ್ ಎಲ್ಲವೂ ನಮಗೆ ಅಪರಿಚಿತ. 2020ರ ಏಪ್ರಿಲ್‌ನಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಂದ ಬಸ್‌ಗಳಲ್ಲಿ ಸೆನ್ಸರ್‌ಗಳೂ ಯೂರಿಯಾ ದ್ರಾವಣದ ಟ್ಯಾಂಕೂ ಸೇರಿಕೊಂಡು, ಪಾನಾ ಹಿಡಿದ ಕೈಗೆ ಲ್ಯಾಪ್‌ಟಾಪ್ ಬಂತು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ನನ್ನ ಹಿರಿಯರೊಬ್ಬರು, ಐವತ್ತು ದಾಟಿದ ವಯಸ್ಸಿನಲ್ಲಿ ದೋಷ ಸೂಚಿಸುವ ಫಾಲ್ಟ್ ಕೋಡ್‌ಗಳನ್ನು ಪುಟ್ಟ ಡೈರಿಯಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡು ಕಲಿತರು. ಆ ಡೈರಿಯನ್ನು ನೋಡಿ ಕಲಿತ ಹುಡುಗರು ಇಂದಿಗೂ ಕೆಲಸದಲ್ಲಿದ್ದಾರೆ.

ಚಾಲಕರ ವಿಷಯ ಇನ್ನೂ ಗಂಭೀರವಾದದ್ದು. ಎಲೆಕ್ಟ್ರಿಕ್ ಬಸ್ಸು ನಿಂತಲ್ಲಿಂದಲೇ ಪೂರ್ಣ ಬಲದಿಂದ ಮುನ್ನುಗ್ಗುತ್ತದೆ. ಕ್ಲಚ್ ಇಲ್ಲ, ಸದ್ದಿಲ್ಲ, ಪೆಡಲ್ ಬಿಟ್ಟಾಗ ಬಸ್ಸು ನಿಧಾನವಾಗುವ ರೀತಿಯೇ ಬೇರೆ. 2024ರ ಡಿಸೆಂಬರ್ 9ರ ರಾತ್ರಿ ಮುಂಬೈನ ಕುರ್ಲಾದಲ್ಲಿ ಅಲ್ಲಿನ ನಗರ ಬಸ್ ಸಂಸ್ಥೆಯಾದ ಬೆಸ್ಟ್‌ಗೆ ಗುತ್ತಿಗೆಯಲ್ಲಿ ಓಡುತ್ತಿದ್ದ ಎಲೆಕ್ಟ್ರಿಕ್ ಬಸ್ಸೊಂದು ಜನರ ಮೇಲೆ ನುಗ್ಗಿ ಹಲವರು ಪ್ರಾಣ ಕಳೆದುಕೊಂಡಾಗ, ಚಾಲಕನಿಗೆ ಇಂಥ ಬಸ್ಸಿನಲ್ಲಿ ಸಾಕಷ್ಟು ತರಬೇತಿ ಸಿಕ್ಕಿತ್ತೇ ಎಂಬ ಪ್ರಶ್ನೆ ಎದ್ದಿತು. ತಪ್ಪು ಯಾರದೆಂದು ನ್ಯಾಯಾಲಯ ಹೇಳಲಿ. ಆದರೆ ನಗರದ ದಟ್ಟಣೆಯಲ್ಲಿ ಹತ್ತು ಹದಿನೈದು ವರ್ಷ ಬಸ್ ಓಡಿಸಿ, ಪ್ರತಿ ನಿಲ್ದಾಣದ ಹೊಂಡ ತಗ್ಗುಗಳನ್ನೂ ಬಲ್ಲ ಚಾಲಕನಿಗೆ ಕೆಲವು ವಾರ ಹೊಸ ಬಸ್ಸಿನ ರೂಢಿ ಮಾಡಿಸುವುದು ಸುಲಭವೋ, ಹೊಸಬನಿಗೆ ಬಸ್ಸು, ರಸ್ತೆ, ಪ್ರಯಾಣಿಕರು ಮೂರನ್ನೂ ಒಟ್ಟಿಗೆ ಕಲಿಸುವುದು ಸುಲಭವೋ ಎಂಬುದನ್ನು ಅಧಿಕಾರಿಗಳು ಯೋಚಿಸಲಿ. ಗುತ್ತಿಗೆ ಚಾಲಕರ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ. ಕಡಿಮೆ ಸಂಬಳಕ್ಕೆ ಅದೇ ಹೊಣೆ ಹೊರುತ್ತಿರುವ ಅವರೂ ನಮ್ಮವರ ಮಕ್ಕಳೇ.

ಹೊಸಬರೇ ಬೇಡ ಎನ್ನುವುದು ನನ್ನ ವಾದವಲ್ಲ. ಬ್ಯಾಟರಿ ಎಂಜಿನಿಯರ್‌ಗಳು, ಚಾರ್ಜಿಂಗ್ ಕೇಂದ್ರದ ವಿದ್ಯುತ್ ತಜ್ಞರು ಡಿಪೊದೊಳಗಿಂದ ಸಿಗಲಾರರು. ಅವರನ್ನು ನೇಮಿಸಿಕೊಳ್ಳಲೇಬೇಕು, ಐಟಿಐ ಮುಗಿಸಿದ ಯುವಕ ಯುವತಿಯರಿಗೂ ಅವಕಾಶ ಸಿಗಬೇಕು. ಆದರೆ ಗುತ್ತಿಗೆಗಳು ಹತ್ತು ಹನ್ನೆರಡು ವರ್ಷಗಳ ಅವಧಿಯವು. ಆ ಅವಧಿಯಲ್ಲಿ ಈಗಿನ ಮೆಕ್ಯಾನಿಕ್‌ಗಳಲ್ಲಿ ಅನೇಕರು ನಿವೃತ್ತರಾಗಿರುತ್ತಾರೆ. ಅಷ್ಟು ಹೊತ್ತಿಗೆ ಎಲೆಕ್ಟ್ರಿಕ್ ಬಸ್ಸನ್ನು ಬಿಚ್ಚಿ ಜೋಡಿಸಬಲ್ಲ ಒಬ್ಬನೂ ಸಂಸ್ಥೆಯಲ್ಲಿ ಇಲ್ಲದಿದ್ದರೆ, ಮುಂದಿನ ಗುತ್ತಿಗೆಯಲ್ಲಿ ಕಂಪನಿ ಹೇಳಿದ ದರಕ್ಕೆ ತಲೆಯಾಡಿಸದೆ ವಿಧಿಯಿಲ್ಲ. ಗುತ್ತಿಗೆದಾರ ನಡುವೆ ಕೈಬಿಟ್ಟರಂತೂ ಬಸ್‌ಗಳು ನಿಂತಲ್ಲೇ ನಿಲ್ಲುತ್ತವೆ.

ಆದ್ದರಿಂದ ಈ 4,500 ಬಸ್‌ಗಳ ಒಪ್ಪಂದಗಳಲ್ಲಿ ಡಿಪೊದ ತಾಂತ್ರಿಕ ಸಿಬ್ಬಂದಿಗೆ ತರಬೇತಿ ನೀಡುವ ಹೊಣೆಯನ್ನು ಕಂಪನಿಗಳ ಮೇಲೆ ಹೊರಿಸುವ ಷರತ್ತು ಇರಬೇಕು. ಪ್ರತಿ ಚಾರ್ಜಿಂಗ್ ಡಿಪೊದಲ್ಲಿ ಕಂಪನಿಯ ತಂಡದ ಜೊತೆಗೆ ಸಂಸ್ಥೆಯ ಕೆಲವು ಮೆಕ್ಯಾನಿಕ್‌ಗಳು ಕಡ್ಡಾಯವಾಗಿ ಕೆಲಸ ಮಾಡಬೇಕು. ಪಾಠ, ಕೈಪಿಡಿ, ಪರೀಕ್ಷೆ ಕನ್ನಡದಲ್ಲಿರಬೇಕು. ತೇರ್ಗಡೆಯಾದವರ ವೇತನದಲ್ಲಿ ಅದರ ಗುರುತು ಕಾಣಬೇಕು. ಸಾರಿಗೆ ಸಚಿವರೂ ಬಿಎಂಟಿಸಿ ಆಡಳಿತ ಮಂಡಳಿಯೂ ಈ ಷರತ್ತುಗಳು ಒಪ್ಪಂದಗಳಲ್ಲಿ ಇವೆಯೇ ಎಂಬುದನ್ನು ಸಾರ್ವಜನಿಕರಿಗೆ ತಿಳಿಸಬೇಕೆಂದೂ, ಇಲ್ಲವಾದರೆ ಕೂಡಲೇ ಸೇರಿಸಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಡಿಪೊ ಮೆಕ್ಯಾನಿಕ್, ಬೆಂಗಳೂರು