ಅಧ್ಯಕ್ಷರ ಕಾಲ್ಗುಣ

ಕ್ಲೀವ್ಲೆಂಡ್, ಓಹಾಯೋ

ಚಿ. ಸುಹಾಸನಿಗೆ ನಿನ್ನ ಚಿಕ್ಕಮ್ಮ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ನಿನ್ನ ಚಿಕ್ಕಪ್ಪನ ಮಂಡಿನೋವು ಇದ್ದ ಹಾಗೇ ಇದೆ, ಗೊಣಗಾಟ ಸ್ವಲ್ಪ ಜಾಸ್ತಿಯಾಗಿದೆ.

ಅಕ್ಕ ಮೈಸೂರಿನಿಂದ ಫೋನ್ ಮಾಡಿದ್ದಳು. ನೀನೂ ನಿನ್ನ ಭಾವನೂ ಮಾತು ಬಿಟ್ಟಿದ್ದೀರಂತೆ. ಸೈಟಿನ ವಿಷಯವೋ ದುಡ್ಡಿನ ವಿಷಯವೋ ಆಗಿದ್ದರೆ ಅವಳಿಗೆ ಅರ್ಥವಾಗುತ್ತಿತ್ತು. ಬೈಡನ್ ಹೆಚ್ಚೋ ಟ್ರಂಪ್ ಹೆಚ್ಚೋ ಎಂದು ಟೆಕ್ಸಾಸಿನ ಫ್ರಿಸ್ಕೊದಲ್ಲಿ ಕೂತ ಒಂದೇ ಮನೆಯ ಇಬ್ಬರು ಮುಖ ತಿರುಗಿಸಿಕೊಂಡಿದ್ದಾರೆ ಎಂದರೆ ಅವಳು ನಗಬೇಕೋ ಅಳಬೇಕೋ ತಿಳಿಯದೆ ನನಗೆ ಒಪ್ಪಿಸಿದ್ದಾಳೆ. ನನಗೇನೂ ಆಶ್ಚರ್ಯವಾಗಲಿಲ್ಲ. ಇಲ್ಲಿನ ಕನ್ನಡ ಕೂಟದ ಯುಗಾದಿ ಊಟದಲ್ಲಿ ರೇಗನ್ ಕಾಲದಿಂದಲೂ ಹೋಳಿಗೆಯ ಜೊತೆ ಇದನ್ನೇ ಬಡಿಸಿಕೊಂಡು ಬಂದಿದ್ದಾರೆ. ಆದರೆ ನೀನು ಈಗ ಈ ದೇಶದ ಪೌರ, ನವೆಂಬರ್ 3ಕ್ಕೆ ಮೊದಲ ಸಲ ಮತ ಹಾಕುತ್ತೀಯ. ಅದಕ್ಕೇ ಈ ಪತ್ರ.

ಯಾವ ಅಧ್ಯಕ್ಷರ ಕಾಲದಲ್ಲಿ ಎಕಾನಮಿ ಚೆನ್ನಾಗಿತ್ತು ಎಂದು ನೀನು ಭಾವನಿಗೆ ಕಳಿಸಿದ ಅಂಕಿಗಳ ಪಟ್ಟಿಯನ್ನು ಅಕ್ಕ ನನಗೂ ಕಳಿಸಿದ್ದಾಳೆ. ಭಾವನ ಉತ್ತರವನ್ನೂ ಓದಿದೆ. ಜೀವನವೆಲ್ಲ ಕಾರ್ಖಾನೆಯ ಲೆಕ್ಕಪತ್ರ ನೋಡಿದವಳಾಗಿ ಹೇಳುತ್ತೇನೆ, ಎರಡೂ ಕಡೆ ಒಂದೂ ಅಂಕಿ ಸುಳ್ಳಲ್ಲ. ಆದರೆ ಇಬ್ಬರೂ ತಮಗೆ ಅನುಕೂಲವಾದ ತಾರೀಖಿನಿಂದ ಲೆಕ್ಕ ಶುರುಮಾಡಿದ್ದೀರಿ.

ಬೈಡನ್ ಕಾಲದಲ್ಲಿ 1 ಕೋಟಿ 60 ಲಕ್ಷ ಕೆಲಸ ಹುಟ್ಟಿದವು ಎಂದು ಅವರ ಡೆಮಾಕ್ರಟಿಕ್ ಪಕ್ಷ ಹೇಳಿದ್ದನ್ನೇ ನೀನೂ ಬರೆದಿದ್ದೀಯ. ಅವರು ಅಧಿಕಾರ ವಹಿಸಿಕೊಂಡಾಗ ದೇಶದಲ್ಲಿದ್ದ ಕೆಲಸಗಳು ಕೋವಿಡ್‌ಗೆ ಮುಂಚೆ ಇದ್ದದ್ದಕ್ಕಿಂತ 90 ಲಕ್ಷಕ್ಕೂ ಹೆಚ್ಚು ಕಡಿಮೆ. ಬಾಗಿಲು ಹಾಕಿದ್ದ ಹೋಟೆಲು ತೆರೆದು ಹಳೇ ಮಾಣಿಯನ್ನೇ ವಾಪಸು ಕರೆದುಕೊಂಡರೂ ಆ ಲೆಕ್ಕದಲ್ಲಿ ಅದು ಹೊಸ ಕೆಲಸ. ಇನ್ನು ಭಾವ, 2020ರ ಫೆಬ್ರವರಿಯಲ್ಲಿ ನಿರುದ್ಯೋಗ ಶೇ. 3.5ಕ್ಕೆ ಇಳಿದದ್ದು ಟ್ರಂಪ್ ಪವಾಡ ಎನ್ನುತ್ತಾನೆ. 2009ರ ಅಕ್ಟೋಬರಿನಲ್ಲಿ ಶೇ. 10 ಇದ್ದದ್ದು 2017ರ ಜನವರಿಯ ಹೊತ್ತಿಗೆ 4.7ಕ್ಕೆ ಬಂದಿತ್ತು. ಆ ನಕ್ಷೆಯಲ್ಲಿ ವರ್ಷಗಳನ್ನು ಅಳಿಸಿ ತೋರಿಸಿದರೆ ಒಬಾಮಾ ಹೋಗಿ ಟ್ರಂಪ್ ಬಂದ ಜಾಗ ಯಾವುದೆಂದು ನೀವಿಬ್ಬರೂ ಗುರುತಿಸಲಾರಿರಿ. ಹಾಗೇ ಟ್ರಂಪ್ ಕಾಲದಲ್ಲಿ ಪೆಟ್ರೋಲ್ ಗ್ಯಾಲನ್ನಿಗೆ 2 ಡಾಲರಿಗಿಂತ ಕಡಿಮೆ ಇತ್ತು ಎನ್ನುತ್ತಾನೆ. ಇತ್ತು, 2020ರ ವಸಂತದಲ್ಲಿ. ಕಾರು ತೆಗೆಯುವವರೇ ಇರಲಿಲ್ಲವಲ್ಲ! 2022ರ ಜೂನ್‌ನಲ್ಲಿ 5 ಡಾಲರ್ ದಾಟಿದಾಗ ಪಂಪಿನ ಮೇಲೆಲ್ಲ ಬೈಡನ್ ಬೆರಳು ತೋರಿಸುತ್ತಿರುವ ಸ್ಟಿಕರ್ ಅಂಟಿಸಿದ್ದರು, ‘ಇದು ನನ್ನ ಕೆಲಸ’ ಎಂದು. ನಿನ್ನ ಚಿಕ್ಕಪ್ಪ ಒಂದನ್ನು ಕಿತ್ತುಕೊಂಡು ಬಂದು ಫ್ರಿಜ್ಜಿಗೆ ಅಂಟಿಸಿದ್ದರು. ನನ್ನನ್ನು ಕೆಣಕುವುದಕ್ಕೆ, ಬೇರೇನಲ್ಲ.

ಕೆಆರ್‌ಎಸ್ ತುಂಬಿದಾಗ ಮುಖ್ಯಮಂತ್ರಿ ಬಾಗಿನ ಕೊಡುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಮಳೆ ಬಿದ್ದದ್ದು ಕೊಡಗಿನಲ್ಲಿ. ಆದರೂ ನಮ್ಮ ಸಾಹೇಬರ ಕಾಲ್ಗುಣ ಎನ್ನುವವರು ಪ್ರತಿ ಪಕ್ಷದಲ್ಲೂ ಇರುತ್ತಾರೆ, ಕೆರೆ ಒಣಗಿದ ವರ್ಷ ಎದುರು ಪಕ್ಷದ ಕಾಲ್ಗುಣ. ಇಲ್ಲಿ ಎಂ.ಬಿ.ಎ., ಪಿಎಚ್.ಡಿ. ಮಾಡಿದವರೂ ಅದನ್ನೇ ಹೇಳುತ್ತಾರೆ, ನಡುವೆ ಜಿಡಿಪಿ ಎಂಬ ಮಾತು ಸೇರಿಸುತ್ತಾರೆ ಅಷ್ಟೇ.

ನಾವು ಇಲ್ಲಿಗೆ ಬಂದ ಹೊಸತರ ಕಥೆ ಹೇಳಬೇಕು, ಏಕೆಂದರೆ ಅಷ್ಟು ಚೆನ್ನಾಗಿ ಇನ್ನಾವುದೂ ನನಗೆ ಪಾಠ ಕಲಿಸಲಿಲ್ಲ. ಹಣದುಬ್ಬರ 1980ರ ಮಾರ್ಚಿನಲ್ಲಿ ಶೇ. 14 ದಾಟಿತ್ತು. ಅದಕ್ಕೂ ಮುಂಚೆ, 1979ರ ಆಗಸ್ಟಿನಲ್ಲಿ, ಆಗಿನ ಅಧ್ಯಕ್ಷ ಕಾರ್ಟರ್ ಅವರು ಇಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ಗೆ ಮುಖ್ಯಸ್ಥನಾಗಿ ಪಾಲ್ ವೋಲ್ಕರ್ ಎಂಬ ಆರೂವರೆ ಅಡಿ ಮೀರಿದ ಮನುಷ್ಯನನ್ನು ತಂದು ಕೂರಿಸಿದ್ದರು. ಆತ ಬಡ್ಡಿಯನ್ನು ಹಿಡಿದು ಮೇಲಕ್ಕೆ ಎಳೆದ ನೋಡು, ಬ್ಯಾಂಕುಗಳ ನಡುವಿನ ದರವೇ ಶೇ. 20ರ ಹತ್ತಿರ ಹೋಯಿತು. ಚಿಕ್ಕಪ್ಪ ಮನೆ ಕೊಳ್ಳೋಣ ಎಂದು ಹೊರಟಾಗ 1981ರ ಅಕ್ಟೋಬರ್. 30 ವರ್ಷದ ಸಾಲಕ್ಕೆ ಬಡ್ಡಿ ಶೇ. 18 ದಾಟಿತ್ತು. ಸುಮ್ಮನೆ ಮನೆಗೆ ಬಂದೆವು. 1982ರ ಕೊನೆಗೆ ದೇಶದ ನಿರುದ್ಯೋಗ ಶೇ. 10.8. ಈ ಊರಿನ ಉಕ್ಕಿನ ಕಾರ್ಖಾನೆಗಳ ಗೇಟಿನ ಮುಂದೆ ನಿಂತವರ ಮುಖ ನೋಡಲಾಗುತ್ತಿರಲಿಲ್ಲ. ಮರುವರ್ಷ ಹಣದುಬ್ಬರ ಶೇ. 4ಕ್ಕಿಂತ ಕೆಳಗಿತ್ತು, ಕೆಲಸಗಳು ಮರಳಿದವು, 1984ರಲ್ಲಿ ರೇಗನ್ 49 ರಾಜ್ಯ ಗೆದ್ದರು.

ಈಗ ಹೇಳು, ಇದು ಯಾರ ಖಾತೆಗೆ? ವೋಲ್ಕರ್‌ನನ್ನು ನೇಮಿಸಿದ ಕಾರ್ಟರ್ 1980ರಲ್ಲಿ ಸೋತು ಮನೆಗೆ ಹೋಗಿದ್ದರು. ಔಷಧ ಬರೆಸಿದವರು ಅವರು, ವಾಸಿಯಾದಾಗ ಹಾರ ಬಿದ್ದದ್ದು ರೇಗನ್ ಕೊರಳಿಗೆ. ಹಾಗೆಂದು ರೇಗನ್‌ಗೆ ಏನೂ ಸಲ್ಲದು ಎಂದರೆ ಅದೂ ಅನ್ಯಾಯ. ಆ ಕಹಿ ಎರಡು ವರ್ಷ ಆತ ವೋಲ್ಕರ್ ಕೈ ಕಟ್ಟಲಿಲ್ಲ, 1983ರಲ್ಲಿ ಮತ್ತೆ ಅವರನ್ನೇ ನೇಮಿಸಿದರು. ಮಾಡಿದ್ದಕ್ಕಿಂತ ಮಾಡದೆ ಬಿಟ್ಟದ್ದಕ್ಕೆ ಸಲ್ಲುವ ಕೀರ್ತಿ ಅದು. ಚುನಾವಣಾ ಭಾಷಣದಲ್ಲಿ ಅಂಥದ್ದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ದೊಡ್ಡ ಬುಷ್ ಅವರದು ಇನ್ನೂ ಪಾಪ. ಅವರ ಕಾಲದ ಆರ್ಥಿಕ ಹಿಂಜರಿತ 1991ರ ಮಾರ್ಚಿಗೇ ಮುಗಿದಿತ್ತು. ಆದರೆ ಅದು ಮುಗಿದಿದೆ ಎಂದು ನಿರ್ಧರಿಸಿ ಹೇಳುವ ಅರ್ಥಶಾಸ್ತ್ರಜ್ಞರ ಸಮಿತಿ ಬಾಯಿ ಬಿಟ್ಟದ್ದು 1992ರ ಡಿಸೆಂಬರಿನಲ್ಲಿ, ಅವರು ಕ್ಲಿಂಟನ್‌ಗೆ ಸೋತ ಮರುತಿಂಗಳು. ಕೆಲಸ ಕಳೆದುಕೊಂಡವನಿಗೆ ಸಮಿತಿ ಏನು ಹೇಳಿದರೇನು, ಆ ವರ್ಷ ಜೂನ್‌ನಲ್ಲೂ ನಿರುದ್ಯೋಗ ಶೇ. 7.8 ಇತ್ತು, ಜನ ಕೋಪಗೊಂಡದ್ದು ತಪ್ಪಲ್ಲ. 1990ರಲ್ಲಿ ತಾನೇ ಕೊಟ್ಟ ಮಾತು ಮುರಿದು ತೆರಿಗೆ ಏರಿಸಿದ ಆತನಿಗೆ ಅದು ಮುಳುವಾಯಿತು. ಮುಂದೆ 1998ರಲ್ಲಿ ಬಜೆಟ್ ಮಿಗತೆಗೆ ಬಂದಾಗ ಆ ಏರಿಕೆಯೂ ಒಂದು ಕಾರಣ ಎಂದು ಒಪ್ಪುವವರಿದ್ದರು, ಬುಷ್ ಹೆಸರು ಹೇಳಿದವರು ಮಾತ್ರ ಕಡಿಮೆ.

2008ರದ್ದು ನಿನಗೆ ಗೊತ್ತಿರುವುದೇ. 70,000 ಕೋಟಿ ಡಾಲರಿನ ಬ್ಯಾಂಕ್ ರಕ್ಷಣೆಗೆ ಅಕ್ಟೋಬರ್ 3ರಂದು ಸಹಿ ಹಾಕಿದ್ದು ಕಿರಿಯ ಬುಷ್. ಅದನ್ನು ಒಬಾಮಾ ಮಾಡಿದರು ಎಂದು ಬೈಯುವವರು ನಮ್ಮ ಬೀದಿಯಲ್ಲೇ ಇದ್ದಾರೆ.

ಹಾಗಾದರೆ ಅಧ್ಯಕ್ಷರ ಕೈಯಲ್ಲಿ ಏನೂ ಇಲ್ಲವೇ ಎಂದು ನೀನು ಕೇಳುತ್ತೀಯ. ಇದೆ. ಅವರೇ ಸಹಿ ಹಾಕಿದ್ದನ್ನು ಅವರ ಖಾತೆಗೆ ಬರೆ. 2018ರ ಜನವರಿಯಲ್ಲಿ ಟ್ರಂಪ್ ಹೊರದೇಶದ ವಾಷಿಂಗ್ ಮಷೀನಿಗೆ ಸುಂಕ ಹಾಕಿದರು. ಮಷೀನಿನ ಬೆಲೆ ಏರಿತು. ಸುಂಕವೇ ಇಲ್ಲದ ಡ್ರೈಯರ್ ಬೆಲೆಯೂ ಏರಿತು, ಎರಡನ್ನೂ ಜೋಡಿಯಾಗಿ ಮಾರುತ್ತಾರಲ್ಲ. 2025ರ ಆಗಸ್ಟಿನಲ್ಲಿ ಭಾರತದ ಸರಕಿನ ಮೇಲೆ ಶೇ. 50 ಸುಂಕ ಬಿದ್ದದ್ದೂ ಅವರ ಆದೇಶದಿಂದಲೇ. ಅದನ್ನು ಭಾವ ಯಾವ ಗಾಳಿಯ ಮೇಲೂ ಹಾಕುವ ಹಾಗಿಲ್ಲ. ನೀನೂ 2021ರ ಮಾರ್ಚಿನಲ್ಲಿ ಬೈಡನ್ ಸಹಿ ಹಾಕಿದ 1.9 ಲಕ್ಷ ಕೋಟಿ ಡಾಲರಿನ ಕೋವಿಡ್ ಪರಿಹಾರ ಕಾಯ್ದೆಯನ್ನು ಮರೆಯುವ ಹಾಗಿಲ್ಲ. ಅದಕ್ಕೆ ಹಿಂದಿನ ವರ್ಷ ಟ್ರಂಪ್ ಸಹಿ ಹಾಕಿದ್ದ 2.2 ಲಕ್ಷ ಕೋಟಿಯ ಕಾಯ್ದೆ ಇತ್ತು, ಉಕ್ರೇನ್ ಯುದ್ಧ ಬಂತು, ಹಡಗುಗಳು ಬಂದರಿನಲ್ಲಿ ನಿಂತವು, 2022ರ ಅಕ್ಟೋಬರಿನಲ್ಲಿ ಬ್ರಿಟನ್ನಿನಲ್ಲೂ ಹಣದುಬ್ಬರ ಶೇ. 11.1 ಆಯಿತು, ಎಲ್ಲ ನಿಜ. ಆದರೆ ಇಷ್ಟೊಂದು ಹಣ ಸುರಿದರೆ ಬೆಲೆ ಏರುತ್ತದೆ ಎಂದು 2021ರ ಫೆಬ್ರವರಿಯಲ್ಲೇ ಎಚ್ಚರಿಸಿದ ಲ್ಯಾರಿ ಸಮ್ಮರ್ಸ್, ಕ್ಲಿಂಟನ್ ಕಾಲದ ಹಣಕಾಸು ಸಚಿವ, ನಿನ್ನ ಪಕ್ಷದವರೇ. ಇಲ್ಲಿ ಹಣದುಬ್ಬರ ಶೇ. 9.1 ಆದಾಗ ಎಲ್ಲವನ್ನೂ ಪುಟಿನ್ ತಲೆಗೆ ಕಟ್ಟಿದ್ದು ಅಂಗಡಿಯಲ್ಲಿ ಮೊಟ್ಟೆ ಕೊಳ್ಳುವವರಿಗೆ ಹಿಡಿಸಲಿಲ್ಲ. ನನಗೂ ಹಿಡಿಸಲಿಲ್ಲ.

ಪ್ರಿನ್ಸ್‌ಟನ್ನಿನ ಅಲನ್ ಬ್ಲೈಂಡರ್ ಮತ್ತು ಮಾರ್ಕ್ ವಾಟ್ಸನ್ ಲೆಕ್ಕವನ್ನು ನೀನು ಭಾವನ ಮುಖಕ್ಕೆ ಹಿಡಿದಿದ್ದೀಯ: ಎರಡನೇ ಮಹಾಯುದ್ಧದ ನಂತರ ಡೆಮಾಕ್ರಟಿಕ್ ಅಧ್ಯಕ್ಷರ ಕಾಲದಲ್ಲಿ ಬೆಳವಣಿಗೆ ವರ್ಷಕ್ಕೆ ಸುಮಾರು ಶೇ. 1.8 ಅಂಶ ಹೆಚ್ಚು ಎಂದು. ಪೂರ್ತಿ ಓದಬೇಕಿತ್ತು ಮರಿ. ಆ ವ್ಯತ್ಯಾಸದ ದೊಡ್ಡ ಪಾಲು ತೈಲದ ಬೆಲೆ, ಉತ್ಪಾದಕತೆ, ಹೊರಗಿನ ಪರಿಸ್ಥಿತಿ ಇಂಥವುಗಳಿಂದ ಬಂತು, ಅಧ್ಯಕ್ಷರ ನೀತಿಯಿಂದಲ್ಲ ಎಂದೂ ಅವರೇ ಬರೆದಿದ್ದಾರೆ. ಬ್ಲೈಂಡರ್ ಕ್ಲಿಂಟನ್ ಸರ್ಕಾರದಲ್ಲಿ ಕೆಲಸ ಮಾಡಿದವರು; ತಮ್ಮವರನ್ನು ಹೊಗಳುವ ಅವಕಾಶ ಬಿಟ್ಟುಕೊಟ್ಟರು.

ಇಲ್ಲಿಯವರೆಗಿನದ್ದು ಬರೀ ಲೆಕ್ಕದ ಜಗಳ, ಅದಕ್ಕೆ ನಾನು ಪತ್ರ ಬರೆಯುತ್ತಿರಲಿಲ್ಲ. ನನಗೆ ಚುಚ್ಚಿದ್ದು ಭಾವನ ಕೊನೆಯ ಸಾಲು ಮತ್ತು ಅದಕ್ಕೆ ನಿನ್ನ ಉತ್ತರ. 2024ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಜ್ಯೂರಿ ಟ್ರಂಪ್‌ರನ್ನು 34 ಆರೋಪಗಳಲ್ಲಿ ತಪ್ಪಿತಸ್ಥ ಎಂದದ್ದನ್ನು ನೀನು ಎತ್ತಿದೆ. ‘ಇರಲಿ, ಎಕಾನಮಿ ಚೆನ್ನಾಗಿತ್ತಲ್ಲ’ ಎಂದ ಅವನು. ನೀನು ಕೋರ್ಟಿನ ಮಾತು ಅಲ್ಲೇ ಬಿಟ್ಟು, ಎಕಾನಮಿ ಚೆನ್ನಾಗಿರಲಿಲ್ಲ ಎಂದು ವಾದಕ್ಕೆ ಇಳಿದೆ! ಅಂದರೆ ಚೆನ್ನಾಗಿದ್ದರೆ ಉಳಿದದ್ದೆಲ್ಲ ಮಾಫಿ ಎಂದು ನೀನೂ ಒಪ್ಪಿಕೊಂಡ ಹಾಗಾಯಿತು. ಕೀರ್ತಿ ಯಾರಿಗೆ ಎಂಬ ಜಗಳಕ್ಕೆ ಇಷ್ಟು ಬಿಸಿ ಬರುವುದು ಇದೇ ಕಾರಣಕ್ಕೆ. ನಿರುದ್ಯೋಗದ ಅಂಕಿ ಯಾರಿಗೂ ಪ್ರಾಣವಲ್ಲ. ತಮ್ಮ ಅಭ್ಯರ್ಥಿಯ ಬಗ್ಗೆ ಒಳಗೊಳಗೇ ಇರುವ ಮುಜುಗರಕ್ಕೆ ಅದು ಜಾಮೀನು.

ಇದು ಒಂದು ಪಕ್ಷದ ರೋಗ ಎಂದುಕೊಳ್ಳಬೇಡ. 1998ರ ಡಿಸೆಂಬರ್ 19ರಂದು ಪ್ರತಿನಿಧಿ ಸಭೆ ಕ್ಲಿಂಟನ್ ವಿರುದ್ಧ ಮಹಾಭಿಯೋಗಕ್ಕೆ ಮತ ಹಾಕಿತು; ಅದೇ ದಿನಗಳ ಗ್ಯಾಲಪ್ ಸಮೀಕ್ಷೆಯಲ್ಲಿ ಅವರ ಜನಮೆಚ್ಚುಗೆ ಶೇ. 73. ಷೇರುಪೇಟೆ ಏರುತ್ತಿತ್ತು, ಎಲ್ಲರ ಕೈಯಲ್ಲೂ ಕೆಲಸವಿತ್ತು. ಪ್ರಮಾಣ ಮಾಡಿ ಸುಳ್ಳು ಹೇಳಿದರೇನು, ಖಾಸಗಿ ವಿಷಯ ಬಿಡಿ ಎಂದವರು ನನ್ನ ಡೆಮಾಕ್ರಟಿಕ್ ಗೆಳತಿಯರು. ನಡತೆ ಮುಖ್ಯ ಎಂದು ಮೇಜು ಕುಟ್ಟಿದವರು ಎದುರಿನವರು. ಹದಿನೆಂಟು ವರ್ಷ ಕಳೆಯಿತು, ಇಬ್ಬರೂ ಕುರ್ಚಿ ಬದಲಾಯಿಸಿಕೊಂಡರು. ಖಾಸಗಿಯಾಗಿ ಅನೈತಿಕವಾಗಿ ನಡೆದವನೂ ಸಾರ್ವಜನಿಕ ಕೆಲಸದಲ್ಲಿ ನೆಟ್ಟಗಿರಬಹುದೇ ಎಂದು ಪಿಆರ್‌ಆರ್‌ಐ ಎಂಬ ಸಮೀಕ್ಷಾ ಸಂಸ್ಥೆ ಕೇಳಿದಾಗ ಹೌದು ಎಂದ, ಬಹುಪಾಲು ರಿಪಬ್ಲಿಕನ್ನರಿಗೆ ಮತ ಹಾಕುವ ಬಿಳಿಯ ಇವ್ಯಾಂಜೆಲಿಕಲ್ ಕ್ರೈಸ್ತರು 2011ರಲ್ಲಿ ಶೇ. 30, 2016ರಲ್ಲಿ ಶೇ. 72. ಐದು ವರ್ಷದಲ್ಲಿ ಧರ್ಮಗ್ರಂಥವೇನೂ ಬದಲಾಗಿರಲಿಲ್ಲ.

ಪಕ್ಷ ಬಿಡದೆಯೇ ಅಭ್ಯರ್ಥಿಯನ್ನು ಬಿಟ್ಟವರೂ ಇದ್ದಾರೆ. ಅವರ ಬಗ್ಗೆ ನನಗೆ ಹೆಚ್ಚು ಗೌರವ. 1991ರಲ್ಲಿ ಲೂಸಿಯಾನಾದ ಗವರ್ನರ್ ಚುನಾವಣೆಗೆ ಒಂದು ಕಡೆ ಕರಿಯರನ್ನು ದ್ವೇಷಿಸುವ ಕು ಕ್ಲಕ್ಸ್ ಕ್ಲಾನಿನ ಹಳೇ ನಾಯಕ, ರಿಪಬ್ಲಿಕನ್ ಡೇವಿಡ್ ಡ್ಯೂಕ್, ಇನ್ನೊಂದು ಕಡೆ ಭ್ರಷ್ಟಾಚಾರದ ಹೆಸರು ಹೊತ್ತ ಡೆಮಾಕ್ರಟ್ ಎಡ್ವಿನ್ ಎಡ್ವರ್ಡ್ಸ್. ‘ಕಳ್ಳನಿಗೇ ಮತ ಹಾಕಿ, ಇದು ಮುಖ್ಯ’ ಎಂಬ ಸ್ಟಿಕರ್ ಕಾರುಗಳ ಹಿಂದೆ ಬಂತು. ಎಡ್ವರ್ಡ್ಸ್ ಗೆದ್ದರು, ಮುಂದೆ ಜೈಲಿಗೂ ಹೋದರು. ಆ ಸ್ಟಿಕರ್ ಅಂಟಿಸಿದವರು ಕಳ್ಳನನ್ನು ಸಾಧು ಎಂದು ಕರೆಯಲಿಲ್ಲ ನೋಡು, ಅದು ನನಗೆ ಇಷ್ಟ. ಅದೇ ರಾಜ್ಯದ ಡೆಮಾಕ್ರಟಿಕ್ ಸಂಸದ ವಿಲಿಯಂ ಜೆಫರ್ಸನ್ ಮನೆಯ ಫ್ರೀಜರಿನಲ್ಲಿ ಎಫ್‌ಬಿಐಗೆ 90,000 ಡಾಲರ್ ನೋಟು ಸಿಕ್ಕಿದ್ದು 2005ರಲ್ಲಿ. 2006ರಲ್ಲಿ ನ್ಯೂ ಆರ್ಲಿಯನ್ಸಿನ ಜನ ಆತನನ್ನು ಮತ್ತೆ ಗೆಲ್ಲಿಸಿದರು. 2008ರಲ್ಲಿ ಸಾಕು ಎನಿಸಿತು, ಆ ಡೆಮಾಕ್ರಟಿಕ್ ಕೋಟೆಯಲ್ಲಿ ಜೋಸೆಫ್ ಕಾವ್ ಎಂಬ ರಿಪಬ್ಲಿಕನ್ ಗೆದ್ದ. 2017ರಲ್ಲಿ ಅಲಬಾಮಾದ ಸೆನೆಟ್ ಅಭ್ಯರ್ಥಿ ರಾಯ್ ಮೂರ್ ಮೇಲೆ, ತಾವು ಹದಿಹರೆಯದವರಾಗಿದ್ದಾಗ ಬೆನ್ನುಬಿದ್ದಿದ್ದ ಎಂದು ಹಲವು ಹೆಂಗಸರು ಆರೋಪಿಸಿದರು. ಆತ ಅಲ್ಲಗಳೆದ. ಆತನದೇ ಪಕ್ಷದ ಸೆನೆಟರ್ ರಿಚರ್ಡ್ ಶೆಲ್ಬಿ, ನಾನು ಮತಪತ್ರದಲ್ಲಿ ಬೇರೊಬ್ಬ ರಿಪಬ್ಲಿಕನ್ ಹೆಸರನ್ನು ಕೈಯಿಂದಲೇ ಬರೆದು ಬಂದೆ ಎಂದು ಬಹಿರಂಗವಾಗಿ ಹೇಳಿದರು. ಹೀಗೆ ಬೇರೆ ಹೆಸರು ಬರೆದವರು 22,000ಕ್ಕೂ ಹೆಚ್ಚು; ಎದುರಾಳಿ ಡೆಮಾಕ್ರಟ್ ಡಗ್ ಜೋನ್ಸ್ ಗೆದ್ದ ಅಂತರವೂ ಹೆಚ್ಚುಕಡಿಮೆ ಅಷ್ಟೇ. ನಿಮ್ಮ ಟೆಕ್ಸಾಸ್‌ನಲ್ಲಿ 2023ರಲ್ಲಿ ರಾಜ್ಯದ ಅಟಾರ್ನಿ ಜನರಲ್, ರಿಪಬ್ಲಿಕನ್ ಕೆನ್ ಪ್ಯಾಕ್ಸ್‌ಟನ್ ಮೇಲೆ ಮಹಾಭಿಯೋಗ ತಂದದ್ದು ಅವರದೇ ಪಕ್ಷದ ಹಿಡಿತದಲ್ಲಿದ್ದ ಸದನ. ಸೆನೆಟ್ ಅವರನ್ನು ಖುಲಾಸೆ ಮಾಡಿತು, ಅದೂ ದಾಖಲೆಯಲ್ಲಿದೆ. ಭಾವನ ಜೊತೆ ಮಾತಾಡುವಾಗ ಎರಡನ್ನೂ ಹೇಳು.

ಮನೆಯಲ್ಲಿ ನಾವು ಹೇಗೆ ಇದ್ದೇವೆ ಎಂದು ಕೇಳಬೇಡ. ಒಂದೇ ಕಾರಿನಲ್ಲಿ ಹೋಗಿ ಒಬ್ಬರ ಮತವನ್ನು ಇನ್ನೊಬ್ಬರು ಅಳಿಸಿ, ದಾರಿಯಲ್ಲಿ ಕಾಫಿ ಕುಡಿದು ಬರುತ್ತೇವೆ. ಆ ದಿನ ಚಿಕ್ಕಪ್ಪನೇ ದುಡ್ಡು ಕೊಡುತ್ತಾರೆ.

ನೀನೇ ಮೊದಲು ಭಾವನಿಗೆ ಫೋನ್ ಮಾಡು, ವಯಸ್ಸಿನಲ್ಲಿ ಚಿಕ್ಕವನು. ಅಂಕಿಗಳ ಪಟ್ಟಿ ಮತ್ತೆ ಕಳಿಸಬೇಡ. ಅವನ ಅಭ್ಯರ್ಥಿ ಏನು ಮಾಡಿದರೆ ಅವನ ಬೆಂಬಲ ನಿಲ್ಲುತ್ತದೆ ಎಂದು ಕೇಳು. ಕೇಳುವ ಮುಂಚೆ ನಿನ್ನ ಅಭ್ಯರ್ಥಿಯ ಬಗ್ಗೆ ನಿನ್ನ ಉತ್ತರ ಸಿದ್ಧವಿರಲಿ, ಅವನು ಖಂಡಿತ ತಿರುಗಿ ಕೇಳುತ್ತಾನೆ.

ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ ಹಾಕಿದ್ದೀಯಾ? ಟೆಕ್ಸಾಸ್‌ನಲ್ಲಿ ಚುನಾವಣೆಗೆ 30 ದಿನ ಮುಂಚೆಯೇ ಆಗಬೇಕು, ಕಾಗದದ ಅರ್ಜಿಗೆ ಸಹಿ ಹಾಕಿ ಅಂಚೆಯಲ್ಲಿ ಕಳಿಸುವುದು ಒಳ್ಳೆಯದು. ಒಂದೇ ಗುಂಡಿ ಒತ್ತಿ ಇಡೀ ಪಕ್ಷಕ್ಕೆ ಮತ ಹಾಕುವ ಪದ್ಧತಿಯನ್ನು ಅಲ್ಲಿ 2020ರಲ್ಲೇ ತೆಗೆದಿದ್ದಾರೆ, ಜಡ್ಜಿನಿಂದ ಹಿಡಿದು ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಆರಿಸಬೇಕು. ಬೇರೆ ಹೆಸರು ಬರೆಯುವುದಾದರೆ, ಮೊದಲೇ ನೋಂದಾಯಿಸಿಕೊಂಡವರ ಹೆಸರನ್ನು ಮಾತ್ರ ಎಣಿಸುತ್ತಾರೆ. ಯಾರೂ ಬೇಡ ಎನಿಸಿದ ಕಡೆ ಖಾಲಿ ಬಿಟ್ಟು ಮುಂದೆ ಹೋಗಬಹುದು, ಉಳಿದ ಮತಗಳಿಗೆ ಏನೂ ಆಗುವುದಿಲ್ಲ. ಮಾದರಿ ಮತಪತ್ರ ಬಂದ ಮೇಲೆ ನನಗೊಂದು ಪ್ರತಿ ಕಳಿಸು, ಆ ಕೆಳಗಿನ ಹೆಸರುಗಳ ಬಗ್ಗೆ ಇಬ್ಬರೂ ಕೂತು ಓದೋಣ.

ಆಶೀರ್ವಾದಗಳೊಂದಿಗೆ,
ನಿನ್ನ ಚಿಕ್ಕಮ್ಮ